ಭಾನುವಾರ ತಪ್ಪದೆ ಚರ್ಚಿಗೆ ಹೋದರೂ ದೇವರು ದೂರ ಅನ್ನಿಸುತ್ತಿದ್ದರೆ ಎಲ್ಲಿಂದ ಶುರು ಮಾಡಬೇಕು?

ಚಿಕ್ಕಂದಿನಿಂದ ಆರಾಧನೆ ತಪ್ಪಿಸಿಲ್ಲ, ಪ್ರಾರ್ಥನೆಗಳೆಲ್ಲ ಬಾಯಿಪಾಠ, ಆದರೂ ದೇವರ ಜೊತೆ ಮಾತಾಡಿದ ಹಾಗೆ ಅನ್ನಿಸುವುದಿಲ್ಲ ಎಂದಿದ್ದೀರಿ. ವರ್ಷಕ್ಕೊಮ್ಮೆ ಬೈಬಲ್ ಮುಗಿಸುವ ಪಟ್ಟಿ ಹಿಡಿದು ಎರಡು ಸಲ ಕೈಬಿಟ್ಟೆ ಅಂತಲೂ ಬರೆದಿದ್ದೀರಿ.

ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ಅಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ಯಾಜಕಕಾಂಡದ ಬಲಿನಿಯಮಗಳ ಹತ್ತಿರ ಹೆಚ್ಚಿನವರ ಗಾಡಿ ನಿಲ್ಲುತ್ತದೆ. ಎರಡು ದಿನ ತಪ್ಪಿದರೆ ಮೂರನೆಯ ದಿನ ಹತ್ತು ಅಧ್ಯಾಯ ಬಾಕಿ. ಆಮೇಲೆ ಸಾಲ ಕೊಟ್ಟವನ ಮುಖ ತಪ್ಪಿಸಿ ಓಡಾಡುವವರಂತೆ ಬೈಬಲನ್ನೇ ತಪ್ಪಿಸುತ್ತೇವೆ.

ನಾನು ಹೇಳುವುದಿಷ್ಟು: ದಿನಕ್ಕೆ 20 ನಿಮಿಷ, ಒಂದೇ ಜಾಗ, ಒಂದೇ ಹೊತ್ತು, ಮಾರ್ಕನ ಸುವಾರ್ತೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಘಟನೆ ಸಾಕು, ಏಳೆಂಟು ವಚನ. ಹಾಸಿಗೆಯ ಮೇಲೆ ಬೇಡ, ನಿದ್ದೆ ಗೆಲ್ಲುತ್ತದೆ. ಫೋನಿನಲ್ಲೂ ಬೇಡ, ಒಂದು ವಾಟ್ಸಾಪ್ ಸಂದೇಶ ಬಂದರೆ ಆ ದಿನದ ಕಥೆ ಮುಗಿಯಿತು. ಅಚ್ಚಾದ ಪುಸ್ತಕ ಇಟ್ಟುಕೊಳ್ಳಿ.

ಓದುವ ಕ್ರಮ ಹಳೆಯದು. 12ನೇ ಶತಮಾನದಲ್ಲಿ ಗೀಗೊ ಎಂಬ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಿನ ಏಣಿಯಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಮೌನದಲ್ಲಿ ನೆಲೆಸುವುದು. ಮಾರ್ಕ 10:46ರಿಂದ 52 ತೆಗೆದುಕೊಳ್ಳಿ. ಯೆರಿಕೋ ದಾರಿಯ ಬದಿಯಲ್ಲಿ ಕುರುಡ ಬಾರ್ತಿಮಾಯ ಭಿಕ್ಷೆ ಬೇಡುತ್ತಾ ಕುಳಿತಿದ್ದಾನೆ. ಮೊದಲ ಸಲ ಮೆಲ್ಲಗೆ, ತುಟಿ ಅಲ್ಲಾಡುವಂತೆ ಓದಿ. ಎರಡನೇ ಸಲ ಓದುವಾಗ ಯಾವ ಮಾತು ತಡೆಯುತ್ತದೋ ಅಲ್ಲೇ ನಿಲ್ಲಿ. ಜನ ಸುಮ್ಮನಿರು ಎಂದು ಗದರಿಸುತ್ತಾರೆ, ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಬಟ್ಟೆಯನ್ನು ಎಸೆದು ಎದ್ದು ಬರುತ್ತಾನೆ. ಎದುರಿಗೆ ಬಂದದ್ದು ಕುರುಡ ಅಂತ ಗೊತ್ತಿದ್ದೂ ಯೇಸು ಕೇಳುತ್ತಾರೆ, ನಿನಗೆ ನಾನು ಏನು ಮಾಡಬೇಕು? ಅಲ್ಲಿ ಪುಸ್ತಕ ಮುಚ್ಚಿ ಆ ಪ್ರಶ್ನೆಗೆ ನೀವು ಉತ್ತರ ಕೊಡಿ. ಎಂಟು ಹತ್ತು ನಿಮಿಷ ಇದಕ್ಕೇ ಹೋಗಲಿ. ‘ಏನೂ ಬೇಡ’ ಅನ್ನುವುದೇ ನಿಜವಾದರೆ ಅದನ್ನೇ ಹೇಳಿ. ಕೊನೆಗೆ ಮೂರು ನಿಮಿಷ ಸುಮ್ಮನೆ ಕೂತು, ಕರ್ತನ ಪ್ರಾರ್ಥನೆ ಹೇಳಿ ಎದ್ದುಬಿಡಿ.

ಹೆಚ್ಚಿನವರು ಎಡವುವುದು ಭಾಷೆಯಲ್ಲಿ. ವೇದಿಕೆಯ ಮೇಲೆ ಕೇಳಿದ ‘ಸರ್ವಶಕ್ತನಾದ ಪರಲೋಕದ ತಂದೆಯೇ’ ಎಂಬ ಗ್ರಂಥಭಾಷೆಯಲ್ಲೇ ಒಬ್ಬರೇ ಇದ್ದಾಗಲೂ ಮಾತಾಡಲು ಹೋಗುತ್ತಾರೆ. ಮನೆಯಲ್ಲಿ ಕೊಂಕಣಿಯೋ ತುಳುವೋ ತಮಿಳೋ ಆಡುವವರು ದೇವರ ಹತ್ತಿರವೂ ಅದನ್ನೇ ಆಡಲಿ. ಕೋಪವಿದ್ದರೆ ಅದೂ ಬರಲಿ. 13ನೇ ಕೀರ್ತನೆ ‘ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ’ ಎಂಬ ಜಗಳದಿಂದಲೇ ಶುರುವಾಗುತ್ತದೆ. 88ನೆಯದು ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ. ಬೈಬಲೇ ಇವುಗಳನ್ನು ಪ್ರಾರ್ಥನೆ ಎಂದು ಇಟ್ಟುಕೊಂಡಿರುವಾಗ ನಿಮ್ಮ ಗೊಣಗಾಟಕ್ಕೂ ಜಾಗವಿದೆ.

ಎರಡು ಮೂರು ವಾರ ಚೆನ್ನಾಗಿ ಹೋಗಿ ಆಮೇಲೆ ಒಣಗುವುದು ಸಹಜ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲೇ ಇದಕ್ಕೆ ಎರಡು ನಿಯಮ ಕೊಟ್ಟ. ಬರಡು ಹೊತ್ತಿನಲ್ಲಿ ಮೊದಲಿನ ತೀರ್ಮಾನ ಬದಲಿಸಬೇಡಿ; ಪ್ರಾರ್ಥನೆಯನ್ನು ಮೊಟಕುಗೊಳಿಸುವ ಬದಲು ಗೊತ್ತುಮಾಡಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಿ. ಅಂದರೆ 20 ನಿಮಿಷದ ಜಾಗದಲ್ಲಿ 22. ಅದೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ತೆರೇಸಾಳಂಥವಳೂ ವರ್ಷಗಟ್ಟಲೆ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯ ಮಾಡಲಿಲ್ಲ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲೆ ಅನುಭವಿಸಿದ್ದು 2007ರಲ್ಲಿ ಪತ್ರಗಳು ಪ್ರಕಟವಾದಾಗ ಜಗತ್ತಿಗೆ ತಿಳಿಯಿತು. ಕಣ್ಣೀರು, ಮೈನವಿರು ಬಂದರೆ ಸಂತೋಷ, ಆದರೆ ಅಳತೆಗೋಲು ಅವಲ್ಲ. ಇನ್ನೊಂದು ಮಾತು: ನಿದ್ದೆ, ಊಟ, ಕೆಲಸ ಎಲ್ಲದರಲ್ಲೂ ವಾರಗಟ್ಟಲೆ ರುಚಿ ಹೋಗಿದ್ದರೆ ಅದನ್ನು ನಂಬಿಕೆಯ ಕೊರತೆ ಎಂದುಕೊಳ್ಳದೆ ವೈದ್ಯರನ್ನು ನೋಡಿ.

ಒಣಗಿದ್ದಕ್ಕೆ ಕೆಲವೊಮ್ಮೆ ಬೇರೆ ಕಾರಣವಿರುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಅನ್ನುತ್ತದೆ ಮತ್ತಾಯ 5:23-24. ಆಸ್ತಿ ಪಾಲಿನಲ್ಲಿ ತಮ್ಮನ ಜೊತೆ ಮಾತು ಬಿಟ್ಟವರು ದಿನಕ್ಕೆ ಎರಡು ಗಂಟೆ ಕೂತರೂ ಮನಸ್ಸು ಅಲ್ಲಿಗೇ ಹೋಗುತ್ತದೆ. ಅಂಥ ದಿನ ಪ್ರಾರ್ಥನೆ ಐದು ನಿಮಿಷಕ್ಕೆ ಇಳಿಸಿ, ಉಳಿದ ಹದಿನೈದು ಅವನಿಗೆ ಫೋನ್ ಮಾಡಲು ಇಡಿ.

‘ದೇವರು ನನಗೆ ಹೀಗೆ ಮಾಡು ಅಂದರು’ ಅನ್ನಿಸಿದಾಗ, ಅದರಲ್ಲೂ ಕೆಲಸ ಬಿಡುವುದು, ಮದುವೆ, ದೊಡ್ಡ ದುಡ್ಡಿನ ವಿಷಯವಾದರೆ, ಅವಸರ ಬೇಡ. ನಿಮ್ಮ ಗುರುಗಳಿಗೋ ಸಭಾಪಾಲಕರಿಗೋ, ಹೌದಪ್ಪ ಎನ್ನದೆ ಎದುರು ಮಾತಾಡಬಲ್ಲ ಒಬ್ಬ ಹಿರಿಯರಿಗೋ ಹೇಳಿ ಕೆಲವು ವಾರ ಕಾಯಿರಿ.

ಮಾರ್ಕ ಮುಗಿದ ಮೇಲೆ ಯೋಹಾನನ ಸುವಾರ್ತೆಗೆ ಹೋಗಿ, ಅಲ್ಲಿ ಸಂಭಾಷಣೆಗಳು ಉದ್ದ. ಈ 20 ನಿಮಿಷ ಭಾನುವಾರದ ಆರಾಧನೆಗೆ ಬದಲಿಯಲ್ಲ. ಆ ವಾರ ನಿಮ್ಮನ್ನು ತಡೆದ ವಚನವೊಂದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಚರ್ಚಿಗೆ ಹೋಗಿ.