ಉಚಿತ ಸೇವೆಗೂ ಖರ್ಚಿದೆ: ಹೊಸನಗರದ ಕಡೆಯ ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ತಾಯಿ, ಮಗ ಇಬ್ಬರ ಒಪ್ಪಿಗೆ ಕೇಳಿಯೇ ಬರೆದದ್ದು.)

ಸರೋಜಾ ಎಂದಿಟ್ಟುಕೊಳ್ಳಿ. ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿ, ಗುಡ್ಡಕ್ಕೊಂದು ಮನೆ. ಗಂಡ ತೀರಿಕೊಂಡು ಎರಡು ವರ್ಷ. ಮಗ ಸುಮಂತನಿಗೆ ಹದಿನಾರು, ಮಗಳು ಪುಟ್ಟಿಗೆ ಮೂರೂವರೆ, ಜೊತೆಗೆ ವಯಸ್ಸಾದ ಅತ್ತೆ. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಅವರಿವರ ಮನೆಯಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವುದು, ಉಳಿದಂತೆ ತೋಟದ ಕೂಲಿ, ಉದ್ಯೋಗ ಖಾತ್ರಿ.

ಶಿವಮೊಗ್ಗದಲ್ಲಿ ನಾನು ಕೂರುವ ಆಪ್ತಸಲಹೆ ಕೇಂದ್ರಕ್ಕೆ ಆಕೆ ಬಂದದ್ದು ಮಗನ ದೂರು ಹೊತ್ತು. "ಮೊಬೈಲ್ ಹಿಡ್ಕಂಡು ಒಳಗೇ ಬಿದ್ದಿರ್ತಾನೆ ಮೇಡಂ. ಕಾಲೇಜಿಗೆ ಹೋಗು ಅಂದ್ರೆ ಮಾತೇ ಇಲ್ಲ. ನೀವೊಂದು ಬುದ್ಧಿ ಹೇಳಿ, ನಿಮ್ಮ ಮಾತು ಕೇಳ್ತಾನೆ." ನನ್ನನ್ನು ಕಂಡೇ ಇರದ ಹುಡುಗ ನನ್ನ ಮಾತು ಕೇಳುತ್ತಾನೆ ಎಂಬ ನಂಬಿಕೆ ಎಲ್ಲಿಂದ ಬಂತೋ. ಎದ್ದು ಹೊರಡುವಾಗ, "ಸಣ್ಣದು ಇನ್ನೂ ಸರಿ ಮಾತಾಡೂದಿಲ್ಲ. ಅದು ಎಂತದೂ ಅಲ್ಲ ಬಿಡಿ, ಇವನಪ್ಪನೂ ತಡವಾಗೇ ಮಾತಾಡಿದ್ದಂತೆ" ಎಂದರು. ಮತ್ತೆ ಕೂರಿಸಿದೆ.

ಮಗುವನ್ನು ಅಂಗನವಾಡಿಗೆ ಬಂದ ವೈದ್ಯರ ತಂಡ ಆಗಲೇ ನೋಡಿ ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟಿತ್ತು. ಒಮ್ಮೆ ಹೋಗಿದ್ದಾರೆ, ಕಿವಿ ಪರೀಕ್ಷೆಗೆ ಬೇರೆ ದಿನ ಬನ್ನಿ ಎಂದಿದ್ದಾರೆ, ಅಲ್ಲಿಗೆ ಬಿಟ್ಟಿದ್ದಾರೆ. ಯಾಕೆ ಎಂದರೆ ನೇರ ಉತ್ತರ: "ಎಲ್ಲಾ ಫ್ರೀ ಅಂತಾರೆ ಮೇಡಂ. ಹೋಗಿ ಬಂದ್ರೆ ಆರುನೂರು ರೂಪಾಯಿ." ಆ ಲೆಕ್ಕ ಬಿಡಿಸಿ ನೋಡಿದೆ. ಒಂದು ದಿನದ ಕೂಲಿ ಹೋಗುತ್ತದೆ. ಬಸ್ ಚಾರ್ಜು ಕೊಡಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ನಿಜ, ಆದರೆ ಆ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಇವರ ಊರಿನ ರಸ್ತೆಯಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು. ಮೇಲೆ ಮಗುವಿನ ತಿಂಡಿ, ಅತ್ತೆಗೆ ಮಧ್ಯಾಹ್ನದ ಊಟ ಮಾಡಿಟ್ಟು ಹೊರಡುವ ಗಡಿಬಿಡಿ. ಇನ್ನೊಂದು ಖರ್ಚನ್ನು ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನು ಹಿಡಿಯುತ್ತೇನೆ: ಆಸ್ಪತ್ರೆಯ ಮನೋರೋಗ ವಿಭಾಗದೆದುರು ಕೂತಾಗ ಊರಿನವರ್ಯಾರಾದರೂ ಕಂಡರೆ ಎಂಬ ಅಳುಕು.

ಹಾಗಾಗಿ ಈ ಪ್ರಕರಣದಲ್ಲಿ ನಾನು ಮೊದಲು ಯೋಚಿಸಿದ್ದು ಆಕೆಯನ್ನು ಎಷ್ಟು ಕಡಿಮೆ ಓಡಾಡಿಸಿ ಎಷ್ಟು ಕೆಲಸ ಮುಗಿಸಬಹುದು ಎಂದು. ಯಾವ ಸಲಹೆ ಕೊಡಬೇಕು ಎಂಬುದು ಆಮೇಲಿನ ಮಾತು. ನಿದ್ದೆಗೂ ಪುರುಸೊತ್ತಿಲ್ಲದ ಹೆಂಗಸಿಗೆ ಮಕ್ಕಳ ಜೊತೆ ಗುಣಮಟ್ಟದ ಸಮಯ ಕಳೆಯಿರಿ ಎನ್ನುವ ಆಪ್ತಸಲಹೆ ನನ್ನ ಮಟ್ಟಿಗೆ ಅವಮಾನ.

ಮೊದಲು ಪುಟ್ಟಿ. ಮಾತು ತಡವಾದರೆ ಮೊದಲು ನೋಡಬೇಕಾದ್ದು ಕಿವಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುವ ಆ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಹುಟ್ಟಿದ ಮಗುವಿನಿಂದ ಹದಿನೆಂಟರವರೆಗೆ ತಪಾಸಣೆ, ಮುಂದಿನ ಚಿಕಿತ್ಸೆ ಎರಡೂ ಉಚಿತ. ಅವರು ಕೊಟ್ಟ ಚೀಟಿ ಕಳೆಯಬಾರದು, ದೊಡ್ಡಾಸ್ಪತ್ರೆಯಲ್ಲಿ ಅದೇ ದಾರಿ ತೋರಿಸುತ್ತದೆ. ಆಶಾ ಕಾರ್ಯಕರ್ತೆಯಿಂದ ಮೊದಲೇ ಫೋನ್ ಮಾಡಿಸಿ, ಕಿವಿ ಪರೀಕ್ಷೆಯೂ ಮಾತಿನ ತರಬೇತಿಯವರ ಭೇಟಿಯೂ ಒಂದೇ ದಿನ ಬರುವಂತೆ ಮಾಡಿಕೊಂಡೆವು. ಮಧ್ಯಕಿವಿಯಲ್ಲಿ ದ್ರವ ತುಂಬಿ ಮಗುವಿಗೆ ಕೇಳಿಸುವುದೇ ಕಡಿಮೆಯಾಗಿತ್ತು. ಔಷಧಿ ಶುರುವಾಯಿತು. ಮಾತಿನ ಅಭ್ಯಾಸವನ್ನು ಅಜ್ಜಿಗೇ ಕಲಿಸಿಕೊಡಿ ಎಂದು ಕೇಳಿಕೊಂಡೆವು, ಒಪ್ಪಿದರು. ಈಗ ಶಿವಮೊಗ್ಗಕ್ಕೆ ತಿಂಗಳಿಗೊಮ್ಮೆ ಬಂದರೆ ಸಾಕು. ಮಾಟ ಮಂತ್ರ ಎನ್ನುತ್ತಿದ್ದ ಅಜ್ಜಿ ಈಗ ಮೊಮ್ಮಗಳ ಮುಂದೆ ಕೂತು "ಕಾ...ಕೆ, ಕಾ...ಕೆ" ಎನ್ನುತ್ತಾರಂತೆ. ದೇವಸ್ಥಾನದ ಹರಕೆಯನ್ನು ಬಿಡಿ ಎಂದು ನಾನು ಹೇಳಲಿಲ್ಲ. ಅದರಿಂದ ಔಷಧಿಗೆ ತೊಂದರೆಯೇನೂ ಇಲ್ಲ.

ಸುಮಂತನನ್ನು ಕರೆಸಲಿಲ್ಲ. ಕರೆದರೂ ಬರುತ್ತಿರಲಿಲ್ಲ. "ಮೇಡಂ ಫೋನ್ ಮಾಡ್ತಾರೆ, ಬೇಕಾದ್ರೆ ಎತ್ತು, ಬೇಡದಿದ್ರೆ ಬಿಡು ಅಂತ ಹೇಳಿ" ಎಂದಷ್ಟೇ ತಾಯಿಗೆ ಹೇಳಿಕೊಟ್ಟೆ. ಎತ್ತಿದ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಹಿಂದಿನ ದರೆ ಹತ್ತಿ ನಿಂತು ಮಾತಾಡಿದ. ಅಲ್ಲಿ ಅಮ್ಮನಿಗೂ ಅಜ್ಜಿಗೂ ಕೇಳಿಸುವುದಿಲ್ಲ, ಅದೂ ಒಳ್ಳೆಯದೇ ಆಯಿತು. ಮೊದಲೇ ಹೇಳಿದ್ದೆ: ನೀನು ಹೇಳಿದ್ದು ಅಮ್ಮನಿಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಹೇಳುತ್ತೇನೆ, ಅದನ್ನೂ ನಿನಗೆ ತಿಳಿಸಿಯೇ.

ಮೊಬೈಲು ಕಾರಣವೇ ಅಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದಿದ್ದ. ಚಿಕ್ಕಪ್ಪ, ಮೇಷ್ಟ್ರು ಎಲ್ಲರೂ ಸೇರಿ ಸೈನ್ಸಿಗೆ ಹಾಕಿದರು, ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. "ಫಿಸಿಕ್ಸ್ ಕ್ಲಾಸಲ್ಲಿ ಒಂದಕ್ಷರ ತಿಳೀತಿರ್ಲಿಲ್ಲ ಮೇಡಂ. ಎದ್ದು ನಿಲ್ಲಿಸಿ ಕೇಳಿದ್ರೆ ಎಲ್ಲರೂ ನಗ್ತಿದ್ರು. ಅಮ್ಮ ಸುಲಿದು ತಂದ ದುಡ್ಡಲ್ಲಿ ಫೀಸ್ ಕಟ್ಟಿದ್ದು, ಹೆಂಗೆ ಹೇಳೋದು?" ಮಲೆನಾಡಿನ ಹಳ್ಳಿ ಶಾಲೆಗಳಿಂದ ಬಂದು ಮೊದಲ ಪಿಯುಸಿಯಲ್ಲಿ ಹೀಗೆ ಮುಳುಗುವ ಮಕ್ಕಳು ನನಗೆ ಪ್ರತಿ ವರ್ಷ ಸಿಗುತ್ತಾರೆ, ಮನೆಯವರು ಅದಕ್ಕೆ ಮೊಬೈಲ್ ಚಟ ಎಂದು ಹೆಸರಿಟ್ಟಿರುತ್ತಾರೆ.

ಸಾಯಬೇಕು ಅನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ತಲೆಗೆ ಹುಳ ಬಿಟ್ಟಂತೆ ಎಂದು ಹೆತ್ತವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಮಳೆಗಾಲದಲ್ಲಿ ಒಮ್ಮೆ ಅನ್ನಿಸಿತ್ತು, ಈಗಿಲ್ಲ ಎಂದ. ಅವನಿಗೆ ಹೇಳಿಯೇ ತಾಯಿಗೆ ಒಂದು ಸೂಚನೆ ಕೊಟ್ಟೆ: ತೋಟಕ್ಕೆ ಹೊಡೆಯುವ ವಿಷದ ಔಷಧಿಗಳೆಲ್ಲ ಮನೆಯಲ್ಲಿ ಬೇಡ, ಬೀಗವಿರುವ ಪಕ್ಕದವರ ಕೊಟ್ಟಿಗೆಗೆ ಸಾಗಿಸಿ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಮಾಡಲು ಟೆಲಿ ಮಾನಸ್ ನಂಬರ್ 14416 ಅವನ ಮೊಬೈಲಿನಲ್ಲೇ ಹಾಕಿಸಿದೆ. ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲಿ, ಖರ್ಚಿಲ್ಲದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲ್ಕೇಂದ್ರ.

ಮುಖಾಮುಖಿ ಭೇಟಿಗೆ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಆರಿಸಿದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆಂದೇ ಇರುವುದು. ರಕ್ತಹೀನತೆಗೂ ಮೊಡವೆಗೂ ಮುಟ್ಟಿನ ತೊಂದರೆಗೂ ಅಲ್ಲಿಗೇ ಬರುತ್ತಾರಾದ್ದರಿಂದ, ಕೂತವರು ಯಾಕೆ ಕೂತಿದ್ದಾರೆ ಎಂದು ಯಾರಿಗೂ ತಿಳಿಯುವುದಿಲ್ಲ. ನನಗೆ ಅದರ ದೊಡ್ಡ ಗುಣ ಇದೇ. ಮನೋವೈದ್ಯರೇ ಬೇಕೆನಿಸಿದರೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಅಲ್ಲಿಂದಲೇ ಕಳಿಸುತ್ತಾರೆ. ಸುಮಂತನಿಗೆ ಅದರ ಅಗತ್ಯ ಬೀಳಲಿಲ್ಲ.

ಓದಿನ ವಿಷಯಕ್ಕೆ ಅವನೇ ತೀರ್ಮಾನಿಸಿದ. ಸೈನ್ಸ್ ಬಿಟ್ಟು ಬರುವ ಜೂನ್‌ನಲ್ಲಿ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ಕಲಾ ವಿಭಾಗ. ಅಲ್ಲಿಯವರೆಗೆ ದಿನಕ್ಕೊಂದು ಹೊತ್ತು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಬೇಕೆಂದು ಒಪ್ಪಂದ, ಪುಸ್ತಕ ಓದಲೇಬೇಕೆಂದೇನಿಲ್ಲ, ಮನೆ ಬಿಟ್ಟು ಹೊರಟರೆ ಸಾಕು.

ಸರೋಜಾ ಅವರಿಗೆ ಹೇಳಿದ ಮಾತುಗಳು ಹೆಚ್ಚಿಲ್ಲ. "ನಿನ್ನಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ಯಾ" ಎನ್ನುವುದನ್ನು ಪೂರ್ತಿ ನಿಲ್ಲಿಸಿ. ಮೊಬೈಲ್ ಕಿತ್ತುಕೊಳ್ಳಬೇಡಿ, ರಾತ್ರಿ ಮಾತ್ರ ಜಗಲಿಯಲ್ಲಿ ಚಾರ್ಜಿಗಿಡಲಿ, ನಿಮ್ಮದೂ ಅಲ್ಲೇ ಇರಲಿ. ಕಾಲೇಜಿನ ಮಾತು ವಾರಕ್ಕೊಂದು ಸಲ, ಭಾನುವಾರ. ಉಳಿದ ದಿನ ಊಟ ಮಾಡಿದ್ಯಾ, ದನಕ್ಕೆ ಹುಲ್ಲು ಹಾಕಿದ್ಯಾ, ಅಷ್ಟೇ.

ಇನ್ನು ದುಡ್ಡಿನ ವಿಷಯ, ಇದನ್ನು ಸಲಹೆಯ ಹೊರಗಿಟ್ಟರೆ ಉಳಿದದ್ದೆಲ್ಲ ಗಾಳಿಮಾತು. ತಂದೆ ಇಲ್ಲದ ಮಕ್ಕಳಿಗೆ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯಡಿ ಪ್ರಾಯೋಜಕತ್ವ ಎಂಬ ನೆರವಿದೆ, ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಸರೋಜಾ ಹಿಂಜರಿದರು: "ಮಕ್ಕಳ ಆಫೀಸಿಗೆ ಹೋದ್ರೆ, 1098ಕ್ಕೆ ಫೋನ್ ಮಾಡಿದ್ರೆ, ಮಕ್ಕಳನ್ನ ಎತ್ಕಂಡು ಹೋಗ್ತಾರಂತೆ?" 1098 ಮಕ್ಕಳ ಸಹಾಯವಾಣಿ. ಈ ಮಾತು ನಮ್ಮ ಕಡೆ ಎಲ್ಲ ಊರಲ್ಲೂ ಇದೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಇದಕ್ಕೆ ಉಲ್ಟಾ: ಮಗು ಮನೆಯಲ್ಲೇ ಬೆಳೆಯಬೇಕು, ಬಾಲಮಂದಿರ ಬೇರೇನೂ ದಾರಿ ಇಲ್ಲದಾಗ. ಈ ಹಣ ಕೊಡುವುದೇ ಮಕ್ಕಳು ತಾಯಿಯ ಬಳಿ ಉಳಿಯಲಿ ಎಂದು.

ಒಂದು ತೊಡಕಿತ್ತು. ಶಾಲೆ ಕಾಲೇಜು ಬಿಟ್ಟ ಮಗುವಿಗೆ ಇದು ನಿಂತುಹೋಗಬಹುದು. ಅದಕ್ಕೇ ಈಗ ಪುಟ್ಟಿಯ ಹೆಸರಲ್ಲಿ ಅರ್ಜಿ, ಸುಮಂತನದು ಜೂನ್‌ನಲ್ಲಿ ಸೇರಿದ ಮೇಲೆ. ಇದಕ್ಕೆ ಬೇಕಾದ ಮರಣ ಪ್ರಮಾಣಪತ್ರವೇ ಗಂಡನ ಪಾಲಿನ ಜಮೀನಿನ ಪೌತಿ ಖಾತೆಗೂ, ಎಂದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೂ ಬೇಕು. ಮೈದುನ ಮುಂದೂಡುತ್ತಲೇ ಬಂದಿದ್ದ ಕೆಲಸ ಅದು. ನಾಡಕಚೇರಿಗೆ ಹೋದ ದಿನವೇ ಎರಡಕ್ಕೂ ಕಾಗದ ಮಾಡಿಸಿದರು. ಮೈದುನ ಸಹಿ ಹಾಕದಿದ್ದರೆ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿದ್ದೇನೆ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯ ಎಷ್ಟೇ ಇರಲಿ ವಕೀಲರ ಫೀಸು ಇಲ್ಲ.

ಪ್ರಾಯೋಜಕತ್ವದ ಅರ್ಜಿ ಇನ್ನೂ ಮಂಜೂರಾಗಿಲ್ಲ. ಅರ್ಜಿ ಕೊಟ್ಟಾಗ ಪಡೆದ ಸ್ವೀಕೃತಿಯ ಫೋಟೋ ಸುಮಂತನ ಮೊಬೈಲಿನಲ್ಲಿದೆ. ತಿಂಗಳಿಗೊಮ್ಮೆ ಕಚೇರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸ ಅವನದು, ಅಮ್ಮ ಕೂಲಿ ಬಿಟ್ಟು ಓಡಾಡುವುದು ಬೇಡ ಎಂದು ಅವನೇ ಒಪ್ಪಿಕೊಂಡಿದ್ದಾನೆ.