ಅಪ್ಪಯ್ಯ ನೆಂಟನಾಗುವ ಮದುವೆ

ಪ್ರಶ್ನೆ: ಅಕ್ಕಾ, ನಮ್ಮೂರು ಶಿರಸಿ–ಸಿದ್ದಾಪುರ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ನನಗೆ 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹುಡುಗ ಮಲ್ಲೇಶ್ವರದವನು, ನಾನೇ ಮೆಚ್ಚಿದ್ದು. ಎರಡೂ ಮನೆಯವರು ಒಪ್ಪಿದ್ದಾರೆ, ಏಪ್ರಿಲ್ ಕೊನೆಗೆ ಮುಹೂರ್ತ. ಅತ್ತೆಯಾಗುವವರಿಗೆ ಮದುವೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಆಗಬೇಕು. ಹೂವಿನಿಂದ ಕುರ್ಚಿಯ ತನಕ ದಂತದ ಬಿಳಿ, ಬಂಗಾರದ ಬಣ್ಣ, ಎಲ್ಲ ‘ಕ್ಲಾಸಿಕ್’. ನನಗೆ ಬಣ್ಣ ಬೇಕು: ಅರಿಶಿನ, ಮೆಹಂದಿ, ಸಂಗೀತ್. ಅಪ್ಪಯ್ಯನದು ಮಾತ್ರ “ಮನೆ ಮಗಳ ಮದುವೆ ಮನೆಲೇ ಆಗವು” ಎಂಬ ಒಂದೇ ಹಟ. ಇವೆಂಟ್‌ನವರು 18 ಲಕ್ಷದ ಲೆಕ್ಕ ಕೊಟ್ಟಿದ್ದಾರೆ. ಮೊನ್ನೆ ಅಪ್ಪಯ್ಯನೇ ಮೆತ್ತಗಾಗಿ, “ಸೊಸೈಟಿಲಿ ಸಾಲ ತೆಗಿತಿ, ನಿಂಗ ಹೇಳ್ದಾಂಗೇ ಆಗ್ಲಿ” ಅಂದರು. ಖುಷಿಯಾಗಬೇಕಿತ್ತು, ಆಗಲಿಲ್ಲ. ನಿಜ ಹೇಳಲಾ? ಅವರೆಲ್ಲ ನಮ್ಮನೆಗೆ ಬರುವುದು ನೆನೆಸಿಕೊಂಡರೇ ನನಗೆ ಮುಜುಗರ. ಕೊಟ್ಟಿಗೆಯ ಪಕ್ಕ ಶೌಚಾಲಯ, ಅದೂ ಒಂದೇ. ಏನು ಮಾಡಲಿ?
— ಹೆಸರು ಬೇಡ, ಶಿರಸಿ ತಾಲ್ಲೂಕು

ತಂಗೀ,

ಪತ್ರದ ಮುಕ್ಕಾಲು ಪಾಲು ಬಣ್ಣದ ಮಾತಾಡಿ, ಕೊನೆಗೆ ಕೊಟ್ಟಿಗೆ ಹತ್ತಿರ ಬಂದಿದ್ದೀಯ. ನಾನು ಅದನ್ನು ಕೆಳಗಿನಿಂದಲೇ ಓದಲು ಶುರು ಮಾಡಿದೆ.

ಮುಜುಗರಕ್ಕೆ ನಿನ್ನನ್ನು ಬೈಯುವುದಿಲ್ಲ. ಧಾರವಾಡದ ಹಾಸ್ಟೆಲಿಗೆ ಹೋದ ಮೊದಲ ವರ್ಷ ನಾನು ಬೆರಳು ಮಡಚಿಕೊಂಡೇ ಕೂರುತ್ತಿದ್ದೆ. ರಜೆಯಲ್ಲಿ ಹಸಿ ಅಡಿಕೆ ಸುಲಿದು ಉಗುರಿನ ಸಂದೆಲ್ಲ ಕಪ್ಪಾಗಿತ್ತು. ಯಾರಾದರೂ ಕೇಳಿದರೆ ಇಂಕು ಅನ್ನುತ್ತಿದ್ದೆ. ಊರು ಬಿಟ್ಟವರಿಗೆಲ್ಲ ಒಂದಲ್ಲ ಒಂದು ಕಪ್ಪು ಬೆರಳು ಇರುತ್ತದೆ. ಆದರೆ ನಿನ್ನ ಮುಜುಗರದಲ್ಲಿ ಅರ್ಧ ಮನಸ್ಸಿನದು, ಅರ್ಧ ಬರೀ ಸಿಮೆಂಟಿನದು. ಸಿಮೆಂಟಿನದಕ್ಕೆ ಪರಿಹಾರ ಸುಲಭ. ನಿನ್ನ ಸಂಬಳದ ದುಡ್ಡಿನಲ್ಲಿ ಮನೆಗೆ ಎರಡು ಒಳ್ಳೆಯ ಶೌಚಾಲಯ, ಒಂದು ಬಚ್ಚಲು ಕಟ್ಟಿಸು. ಏಪ್ರಿಲ್‌ಗೆ ಇನ್ನೂ ನಾಲ್ಕು ತಿಂಗಳಿದೆ. ಹೋಟೆಲಿನ ವೇದಿಕೆಯ ಹೂವು ಮರುದಿನ ಬೆಳಿಗ್ಗೆ ಕಸದ ಲಾರಿ ಹತ್ತುತ್ತದೆ. ಇದಾದರೆ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಅಂಗಳ ದಾಟುವ ನಿನ್ನ ಆಯಿಗೆ ಆಗುತ್ತದೆ. ಮದುವೆ ಮನೆಲೋ ಹೋಟೆಲಲ್ಲೋ, ಇದನ್ನಂತೂ ಮಾಡಿಸು.

ಈಗ ಅಪ್ಪಯ್ಯನ ವಿಷಯ. ಅವರದ್ದು ಹಳೇಕಾಲದ ಹಟ ಅಂದುಕೊಂಡಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಅದಕ್ಕೆ ನನ್ನದೇ ಮನೆಯ ಒಂದು ಮಾತು ಹೇಳಬೇಕು, ಹೇಳಲು ನನಗೇನೂ ಹೆಮ್ಮೆಯಿಲ್ಲ.

ನನ್ನ ತಮ್ಮನ ಮದುವೆಯಲ್ಲಿ ಬೆಂಗಳೂರೇ ಆಗಬೇಕೆಂದು ಕುಣಿದವಳು ನಾನು. ಹುಡುಗಿಯ ಅಪ್ಪ ಸಿದ್ದಾಪುರದ ಕಡೆಯವರು, ಆರು ಮಕ್ಕಳ ಸಂಸಾರ ತೂಗಿಸಿದ ಆಸಾಮಿ. ಹಾಲ್ ಅದ್ಭುತವಾಗಿತ್ತು. ಊಟದ ಹೊತ್ತಿಗೆ ನೋಡುತ್ತೇನೆ, ಆ ಮನುಷ್ಯ ರೇಷ್ಮೆ ಮಡಿ ಉಟ್ಟು, ಬಫೆ ಸಾಲಿನ ತುದಿಯಲ್ಲಿ ಖಾಲಿ ಪ್ಲೇಟು ಹಿಡಿದು ನಿಂತಿದ್ದಾರೆ. ಮುಂದೆ ಹೋಗಬೇಕೋ, ಯಾರಾದರೂ ಕರೆಯುತ್ತಾರೋ ಗೊತ್ತಾಗದೆ. ಕೋಟು ತೊಟ್ಟ ಹುಡುಗನೊಬ್ಬ ಬಂದು, “ಸರ್, ನೀವು ಯಾರ ಕಡೆಯವರು?” ಎಂದು ಕೇಳಿದ. ಬಿಲ್ಲು ಕಟ್ಟಿದ್ದು ಅವರೇ.

ಮನೆ ಮದುವೆಯಲ್ಲಿ ಅದೇ ಮನುಷ್ಯ ಹೇಗಿರುತ್ತಿದ್ದರು ಎಂದು ನಿನಗೆ ನಾನು ಹೇಳಬೇಕೇ? ಚಪ್ಪರದ ಬಾಗಿಲಲ್ಲಿ ನಿಂತು ಬಂದವರಿಗೆ ಬೆಲ್ಲ-ನೀರು, ಕವಳದ (ಎಲೆ-ಅಡಿಕೆಯ) ಹರಿವಾಣ. ಬಾಳೆ ಹಾಕಿದ ಮೇಲೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೈ ಮುಗಿಯುತ್ತ, “ಸಾವಕಾಶ ಆಗ್ಲಿ, ಹೋಳಿಗೆ ಇನ್ನೊಂದು ಹಾಕಿಸ್ಕಳಿ” ಎನ್ನುತ್ತ ಒಂದು ನಡೆ. ಆ ನಡೆಗಾಗಿಯೇ ನಮ್ಮ ಕಡೆಯ ಗಂಡಸರು ಇಪ್ಪತ್ತೈದು ವರ್ಷ ಊರವರ ಮನೆಗೆಲ್ಲ ಬಡಿಸಲು ಹೋಗಿರುತ್ತಾರೆ. ಮುಯ್ಯಾಳು, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ಒದಗುವುದು, ತೋಟದ ಕೆಲಸಕ್ಕೆ ಮಾತ್ರ ಅಲ್ಲ. ನಿನ್ನ ಮದುವೆ ಬೆಂಗಳೂರಿಗೆ ಹೋದರೆ ಊರು ತೀರಿಸಬೇಕಾದ ಆ ಮುಯ್ಯಿ ಹಾಗೇ ಬಾಕಿ ಉಳಿಯುತ್ತದೆ. ಅಪ್ಪಯ್ಯನೂ ಯಜಮಾನ ಹೋಗಿ ದುಡ್ಡು ಕೊಡುವ ನೆಂಟನಾಗುತ್ತಾರೆ. ಅವರಿಗೆ ಅದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ‘ಮನೆಲೇ ಆಗವು’ ಅಂತಾರೆ. ಮಗಳ ಮುಖ ಸಣ್ಣಗಾದದ್ದು ಕಂಡರೆ ‘ಸಾಲ ತೆಗಿತಿ’ ಅಂತಾರೆ. ನಿನಗೆ ಖುಷಿಯಾಗದಿದ್ದುದು ಅದಕ್ಕೇ.

ಸಾಲದ ಮಾತು ಬಂತಲ್ಲ, ಲೆಕ್ಕ ನೋಡು. ರಾಶಿ ಅಡಿಕೆಗೆ (ಬೇಯಿಸಿ ಒಣಗಿಸಿದ ಕೆಂಪಡಿಕೆಗೆ) ಕ್ವಿಂಟಲಿಗೆ 50 ಸಾವಿರ ಎಂದು ಹಿಡಿದರೂ 18 ಲಕ್ಷ ಎಂದರೆ 36 ಕ್ವಿಂಟಲ್. ನಿಮ್ಮ ತೋಟದಲ್ಲಿ ಖರ್ಚು ಕಳೆದು ಅಷ್ಟು ಕೈಗೆ ಉಳಿಯಲು ಎಷ್ಟು ವರ್ಷ ಬೇಕು? ಅದೂ ಕೊಳೆ ರೋಗ ಬಾರದೆ, ಎಲೆಚುಕ್ಕಿ ಹಬ್ಬದೆ ಇದ್ದರೆ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೋ. ತೋಟದ ಮನೆಯ ಮಗಳಿಗೆ ಕ್ಯಾಟರಿಂಗ್‌ನವನ ಪ್ಲೇಟಿನ ರೇಟು ಗೊತ್ತಿದ್ದು ಇದು ಗೊತ್ತಿಲ್ಲದಿರುವುದು ಚೆನ್ನಾಗಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀಯ, ಸುತ್ತಿ ಬಳಸಿ ಹೇಳುವುದಿಲ್ಲ: ಮದುವೆ ಅಂಗಳದಲ್ಲೇ ಆಗಲಿ. ಬೆಂಗಳೂರಿನಲ್ಲಿ ಒಂದು ಸಂಜೆ ರಿಸೆಪ್ಷನ್, ಅದರ ಖರ್ಚು ಗಂಡಿನ ಮನೆಯವರದ್ದು ಮತ್ತು ನಿಮ್ಮಿಬ್ಬರದ್ದು. ಆ ಸಂಜೆಯ ಬಣ್ಣವನ್ನು ಅತ್ತೆಯೇ ಆರಿಸಲಿ, ಅಲ್ಲಿ ಯಜಮಾನಿಕೆ ಅವರದ್ದು. ಈ ಮಾತನ್ನು ಅವರಿಗೆ ನೀನು ಹೇಳಬೇಡ, ಅವರ ಮಗ ಹೇಳಲಿ. ನಿನ್ನ ಅಪ್ಪಯ್ಯನ ಸಾಲದ ಸುದ್ದಿ ಅವನಿಗೆ ಇದುವರೆಗೂ ಗೊತ್ತಿಲ್ಲದಿದ್ದರೆ ಇವತ್ತೇ ಗೊತ್ತಾಗಲಿ. ಕೇಳಿದ ಮೇಲೂ ಅವನು ‘ಅಮ್ಮನಿಗೆ ಹೇಗೆ ಹೇಳೋದು’ ಅಂದರೆ, ಹೋಟೆಲೋ ಅಂಗಳವೋ ಎಂಬುದಕ್ಕಿಂತ ದೊಡ್ಡ ವಿಷಯಕ್ಕೆ ನನಗೆ ಇನ್ನೊಂದು ಪತ್ರ ಬರೆ.

ಇನ್ನು ಆ ದಂತದ ಬಿಳಿ, ಬಂಗಾರದ ಬಣ್ಣ. ನಗು ಬಂತು ನನಗೆ. ಅಡಿಕೆಯ ಹೊಂಬಾಳೆ ಬಿಡಿಸಿದ್ದನ್ನು ಹತ್ತಿರದಿಂದ ನೋಡಿದ್ದೀಯಲ್ಲ? ಹಸಿರು ಹೊದಿಕೆಯನ್ನು ಕತ್ತಿಯ ತುದಿಯಿಂದ ಸೀಳಿ ಎರಡೂ ಕೈಯಲ್ಲಿ ಅಗಲಿಸಿದರೆ ಒಳಗೆ ಒತ್ತೊತ್ತಾಗಿ ಮಲಗಿರುವ ಸಿಂಗಾರ, ಒಂದೊಂದು ಎಳೆಯಲ್ಲೂ ಅಕ್ಕಿಕಾಳಿನಂಥ ಮೊಗ್ಗು. ಅದರ ಬಣ್ಣ ಯಾವುದು? ಬಿಳಿ ಅಲ್ಲ, ಹಳದಿಯೂ ಅಲ್ಲ. ಇವೆಂಟ್‌ನವರು ಬಟ್ಟೆಯ ತುಂಡು ಹಿಡಿದು ನಿನ್ನ ಅತ್ತೆಗೆ ತೋರಿಸಿದ ಬಣ್ಣವೇ ಅದು. ಮಂಟಪದ ನಾಲ್ಕು ಕಂಬಕ್ಕೆ ಸಿಂಗಾರ, ನಡುವೆ ಭಟ್ಕಳ ಮಲ್ಲಿಗೆಯ ಮಾಲೆ, ಮೇಲೆ ಹಸಿರು ಸೋಗೆ, ಹಿಂದೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಶೇಡಿಮಣ್ಣಿನ ಬಿಳಿ ಗೆರೆ. ಶೇಡಿ ಬರೆಯುವ ಅಜ್ಜಿಯರು ನಿಮ್ಮೂರಲ್ಲಿ ಈಗಲೂ ಇದ್ದರೆ ಅವರನ್ನು ತಿಂಗಳ ಮುಂಚೆಯೇ ಕರೆದು ಕೂರಿಸಿ ಕಾಫಿ ಕೊಡು. ಥರ್ಮಾಕೋಲಿನ ನವಿಲು, ಪ್ಲಾಸ್ಟಿಕ್ ಹೂವಿನ ಕಮಾನು ಮಾತ್ರ ಅಂಗಳಕ್ಕೆ ಬರದ ಹಾಗೆ ನೋಡಿಕೋ. ಹಳ್ಳಿ ಮದುವೆ ಕೆಡುವುದು ಹಳ್ಳಿತನದಿಂದಲ್ಲ, ಪೇಟೆಯ ಅಗ್ಗದ ನಕಲಿನಿಂದ. ಸೀರೆಯೂ ಹಾಗೇ. 1912ರಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ರೇಷ್ಮೆ, ಒಂದೇ ಬಣ್ಣ, ಸಣ್ಣ ಜರಿ ಅಂಚು. ಮಲ್ಲೇಶ್ವರದ ಹಳೆಯ ಮನೆಗಳ ಹೆಂಗಸರು ‘ಕ್ಲಾಸಿಕ್’ ಅನ್ನುವುದು ಇದನ್ನೇ. ನಿನ್ನ ಅತ್ತೆಗೆ ತಕರಾರು ಇರಲಾರದು.

ಮೆಹಂದಿ, ಸಂಗೀತ್ ಬೇಡ ಅನ್ನಲು ನಾನು ಯಾರು? ಹಿಂದಿನ ರಾತ್ರಿ ಇಟ್ಟುಕೋ. ಆದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಕಾನೂನಿದೆ. ಹಾಗಾಗಿ ಸಂಜೆ ಆರಕ್ಕೇ ಶುರು ಮಾಡಿ. ಇನ್ನೊಂದು ಮಾತು, ಮೈಕನ್ನು ಮೊದಲು ನಿನ್ನ ಸೋದರತ್ತೆ-ದೊಡ್ಡಮ್ಮಂದಿರಿಗೆ ಕೊಡು. ಹಸೆಗೆ ಕರೆಯುವ ಹಾಡು, ಬೀಗರನ್ನು ಕಾಲೆಳೆಯುವ ಹಾಡು ಅವರ ಬಾಯಲ್ಲಿ ಇನ್ನೂ ಇದೆ. ಡಿಜೆ ಶುರುವಾದ ಮೇಲೆ ಅವರು ಸುಮ್ಮನೆ ಅಡುಗೆಮನೆಗೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಬೆಂಗಳೂರಿನ ನೆಂಟರನ್ನು ಎಲ್ಲರನ್ನೂ ಕರೆಯಬೇಡ, ಐವತ್ತು ಜನ ಸಾಕು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಾಳಗುಪ್ಪ, ಅಲ್ಲಿಂದ ಮಿನಿ ಬಸ್ಸು. ಹಿಂದಿನ ದಿನವೇ ಬರುವ ವಯಸ್ಸಾದವರಿಗೆ ಶಿರಸಿಯಲ್ಲಿ ರೂಮು. ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ಅದೂ ಫೆಬ್ರವರಿ–ಮಾರ್ಚ್ ಹೊತ್ತಿಗೆ; ಏಪ್ರಿಲ್ ಕೊನೆಯಲ್ಲಿ ರೂಮಿನ ಪರದಾಟ ಇರುವುದಿಲ್ಲ. ಸಂಜೆ ಗುಡುಗು ಮಳೆ ಬರಬಹುದು, ಸೋಗೆಯ ಮೇಲೊಂದು ತಾಡಪಾಲು ಮರೆಯಬೇಡ. ಕರೆಂಟು ಹೇಗೂ ಹೋಗುತ್ತದೆ, ಜನರೇಟರ್ ಹೇಳಿಡು.

ಇದೆಲ್ಲಕ್ಕೂ ಮೊದಲು ನಿನ್ನ ಅತ್ತೆಯನ್ನು ಒಮ್ಮೆ ಮನೆಗೆ ಕರೆದುಕೊಂಡು ಬಾ, ಮದುವೆಯ ಮಾತೇ ಎತ್ತದೆ. ಒಂದು ರಾತ್ರಿ ಉಳಿಯಲಿ. ಜಗುಲಿಯಲ್ಲಿ ಕೂತು ಆಯಿ ಮಾಡಿದ ತೊಡೆದೇವು ತಿನ್ನಲಿ, ಊಟದ ಕೊನೆಗೆ ಅಪ್ಪೆಹುಳಿ ಕುಡಿಯಲಿ. ಕೊಟ್ಟಿಗೆಯ ವಾಸನೆ ಬಂದರೆ ಬರಲಿ, ಅದು ಅಲ್ಲಿರುವುದೇ. ನೀನು ಅವರ ಹಿಂದೆ ಹಿಂದೆ ಓಡಾಡಿ ‘ಇಲ್ಲಿ ಹೀಗೇ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಕ್ಷಮೆ ಕೇಳುತ್ತ ತಿರುಗಬೇಡ. ಅದನ್ನು ಅಪ್ಪಯ್ಯ ಕೇಳಿಸಿಕೊಳ್ಳುತ್ತಾರೆ.

ಅಪ್ಪಯ್ಯನಿಗೆ ಈ ವಾರವೇ ಫೋನ್ ಮಾಡು. ಹಗಲು ಹೊತ್ತು ಬೇಡ. ಈಗ ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಕಾಲ, ಅಡಿಕೆ ಸುಲಿಯುವವರ ನಡುವೆ ಕೂತು ಮಾತಾಡಿದರೆ ರಾತ್ರಿಯೊಳಗೆ ಸುದ್ದಿ ಸಿದ್ದಾಪುರ ದಾಟುತ್ತದೆ. ರಾತ್ರಿ ಊಟವಾಗಿ ಕವಳ ಹಾಕಿದ ಮೇಲೆ ಮಾಡು. ಸಾಲ ಬೇಡ ಎಂದು ನೇರ ಹೇಳಿದರೆ ಬೇಜಾರು ಮಾಡಿಕೊಂಡಾರು. “ಮಂಟಪಕ್ಕೆ ಸಿಂಗಾರ ಎಷ್ಟು ಬೇಕಾಗ್ತು?” ಎಂದು ಕೇಳು. ಒಂದು ಸಿಂಗಾರ ಎಂದರೆ ಒಂದು ಕೊನೆ ಅಡಿಕೆ ಹೋದ ಹಾಗೆ ಎಂದು ಮೊದಲು ಗೊಣಗುತ್ತಾರೆ. ಆಮೇಲೆ ಯಾವ ಮರದ್ದು ಕೊಯ್ಯಬಹುದು ಎಂದು ಅವರೇ ಲೆಕ್ಕ ಹಾಕಲು ಶುರು ಮಾಡುತ್ತಾರೆ.