ಆನೆ ತೋಟಕ್ಕೆ ಬಂದರೆ ಯಾರನ್ನು ಕೇಳಬೇಕು?

ಕೊಡಗಿನ ಸಿದ್ದಾಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಆನೆಗಳು ತೋಟಕ್ಕೆ ನುಗ್ಗಿ ಕಾಫಿ ಗಿಡ, ಬಾಳೆ ಎಲ್ಲ ಮುರಿದು ಹಾಕಿದವು. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅಂದರು. ಅಲ್ಲಿ, ಕಾನೂನು ದೆಹಲಿಯದು, ನಮ್ಮ ಕೈಯಲ್ಲಿಲ್ಲ ಅಂದರು. ಇಷ್ಟೊಂದು ಸರ್ಕಾರ ಯಾಕೆ ಬೇಕು? ಕೊಡಗು ಬೇರೆ ರಾಜ್ಯವಾಗಿದ್ದಾಗ ಎಲ್ಲ ಮಡಿಕೇರಿಯಲ್ಲೇ ತೀರ್ಮಾನ ಆಗುತ್ತಿತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫಸಲು ಕೊಡುವ ಗಿಡ ಮುರಿದರೆ ಮತ್ತೆ ಆ ಮಟ್ಟಕ್ಕೆ ಬರಲು ವರ್ಷಗಳೇ ಬೇಕು. ನಿಮ್ಮ ಸಿಟ್ಟು ನ್ಯಾಯವಾದದ್ದು.

ಆದರೆ "ನಮ್ಮ ಕೈಯಲ್ಲಿಲ್ಲ" ಎಂಬ ಮಾತು ಪೂರ್ತಿ ನಿಜ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು 1972ರಲ್ಲಿ ಸಂಸತ್ತು ಮಾಡಿತು, ಸರಿ. ಆಗ ಕಾಡುಪ್ರಾಣಿ ರಾಜ್ಯಗಳ ವಿಷಯ. ಕೆಲವು ರಾಜ್ಯಗಳೇ ಕೇಳಿಕೊಂಡಿದ್ದರಿಂದ ಸಂಸತ್ತು ಕೈಹಾಕಿತು. 1976ರ 42ನೇ ತಿದ್ದುಪಡಿ ಕಾಡನ್ನೂ ಕಾಡುಪ್ರಾಣಿಗಳನ್ನೂ ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ತಂದಿತು. ನಾಗರಹೊಳೆಯ ಆನೆ ವಯನಾಡಿಗೆ ಹೋಗುವಾಗ ಗಡಿ ಕೇಳುವುದಿಲ್ಲ ಅಲ್ವಾ? ಒಂದೇ ಕಾನೂನು ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಆದರೆ ಆ ಕಾನೂನನ್ನು ನಡೆಸುವವರು ರಾಜ್ಯದವರೇ. ಜನರ ಜೀವಕ್ಕೆ ಅಪಾಯ ತರುವ ಆನೆಯನ್ನು ಹಿಡಿಯಲು ಅನುಮತಿ ಕೊಡುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಆನೆ ಕಂದಕ, ರೈಲು ಕಂಬಿಯ ಬೇಲಿ, ಬೆಳೆ ಪರಿಹಾರ ಎಲ್ಲ ರಾಜ್ಯದ ಅರಣ್ಯ ಇಲಾಖೆಯ ಮೂಲಕವೇ. ಕೇಂದ್ರ 1992ರಿಂದ ಆನೆ ಯೋಜನೆಯಡಿ ಹಣ ಕೊಡುತ್ತದೆ, ಅಷ್ಟೆ. ಹಾಗಾಗಿ ಪರಿಹಾರಕ್ಕೆ ನೀವು ದೆಹಲಿಯ ಕಡೆ ನೋಡುವುದು ಬೇಡ. ನಿಮ್ಮ ವಲಯ ಅರಣ್ಯಾಧಿಕಾರಿಗೇ ಅರ್ಜಿ ಕೊಡಿ.

ಅರ್ಜಿ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಪಹಣಿಯಲ್ಲಿ. ಜಮ್ಮಾ ಜಮೀನಿನ, ಅಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಎಷ್ಟೋ ಕಡೆ ಇನ್ನೂ ತಾತನ ಕಾಲದ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರೇ ಇದೆ. ಆನೆ ತುಳಿದದ್ದು ನಿಮ್ಮ ಗಿಡ, ಕಾಗದದಲ್ಲಿ ಇರುವುದು ಬೇರೆಯವರ ಹೆಸರು. ಜಮೀನು ರಾಜ್ಯ ಪಟ್ಟಿಯ ವಿಷಯ. ಇದನ್ನು ಸರಿ ಮಾಡಬೇಕಾದದ್ದು ಬೆಂಗಳೂರು ಮತ್ತು ನಮ್ಮ ತಾಲ್ಲೂಕು ಕಚೇರಿ. ಅದೇ ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿರುವುದು ಮಾತ್ರ ಕೇಂದ್ರ, ಯಾಕೆಂದರೆ ಆಯುಧ ಕೇಂದ್ರ ಪಟ್ಟಿಯಲ್ಲಿದೆ. ಕಾಫಿ ಮಂಡಳಿಯೂ ಕೇಂದ್ರದ್ದೇ.

ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಹಿರಿಯರ ಆ ನೆನಪಿನ ಬಗ್ಗೆ ನನಗೆ ಗೌರವ ಇದೆ. 1952ರಿಂದ 1956ರವರೆಗೆ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು. 24 ಸದಸ್ಯರು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಜನರಿಗೆ ಸರ್ಕಾರ ಕೈಗೆಟುಕುವಷ್ಟು ಹತ್ತಿರ ಇತ್ತು. ಆದರೆ ಅದು 'ಸಿ' ದರ್ಜೆಯ ರಾಜ್ಯ. ಮೇಲೆ ದೆಹಲಿಯ ಪರವಾಗಿ ಚೀಫ್ ಕಮಿಷನರ್ ಇದ್ದರು. ಮಡಿಕೇರಿಯಲ್ಲಿ ಪಾಸಾದ ಮಸೂದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕಿತ್ತು. ಎಲ್ಲವೂ ಮಡಿಕೇರಿಯಲ್ಲೇ ಮುಗಿಯುತ್ತಿರಲಿಲ್ಲ.

ನಾವು ಕಳೆದುಕೊಂಡದ್ದು ಸರ್ಕಾರ ಅಷ್ಟು ಹತ್ತಿರ ಇರುವುದನ್ನು. ಅದನ್ನು ತುಂಬಿಕೊಡಬೇಕಾದದ್ದು ಪಂಚಾಯಿತಿ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ವಹಿಸಬಹುದು ಎಂದಿತು. ಕುಡಿಯುವ ನೀರು, ಊರ ರಸ್ತೆ, ಶಾಲೆ ಅದರಲ್ಲಿವೆ. ಕಾಡಾನೆ ಇಲ್ಲ. ಆದರೆ ಆ ವಿಷಯಗಳಲ್ಲಿ ಪಂಚಾಯಿತಿಗೆ ಎಷ್ಟು ಅಧಿಕಾರ ಕೊಡಬೇಕೆಂದು ತೀರ್ಮಾನಿಸುವುದು ರಾಜ್ಯ. ನನಗೆ ನಿಜವಾಗಿ ನೋವಾಗುವುದು ಇಲ್ಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ದೆಹಲಿ ಅಧಿಕಾರ ಕೊಡುವುದಿಲ್ಲ ಎಂದು ದೂರುವ ಬೆಂಗಳೂರು, ಮಡಿಕೇರಿಗೆ ಮಾಡಿದ್ದೂ ಅದನ್ನೇ. ಸರ್ಕಾರಗಳು ಜಾಸ್ತಿಯಾಗಿವೆ ಎಂದು ನೀವು ಬರೆದಿದ್ದೀರಿ. ನಮಗೆ ಅತಿ ಹತ್ತಿರದ್ದೇ ಸೊರಗಿದೆ ಎಂದು ನಾನು ಹೇಳುತ್ತೇನೆ.

ಮುಂದಿನ ಗ್ರಾಮಸಭೆಗೆ ಅಕ್ಕಪಕ್ಕದ ತೋಟದವರನ್ನೂ ಕರೆದುಕೊಂಡು ಹೋಗಿ. ಬೇಲಿ ಎಲ್ಲಿ ಮುರಿದಿದೆ, ಆನೆ ಯಾವ ದಾರಿಯಲ್ಲಿ ಬರುತ್ತದೆ ಎಂದು ನಿರ್ಣಯದಲ್ಲಿ ಬರೆಸಿ. ಅದರ ಪ್ರತಿ ಅರಣ್ಯ ಇಲಾಖೆಗೂ ಶಾಸಕರಿಗೂ ಹೋಗಲಿ. ಪರಿಹಾರದ ಅರ್ಜಿ ಕೊಟ್ಟಾಗ ಸುಮ್ನೆ ಬರಬೇಡಿ, ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರ ಒಂದು ಪ್ರತಿ ನಮಗೂ ಕಳಿಸಿ.

— ಸಂಪಾದಕ